ಮಾಸೆಲ್ಲೊ ಹೆಸರು ಹೇಳಿದ ಬುಧವಾರ

ಲಿಫಾಕ್ವೆಂಗ್ ಊರಿಗೆ ಟೆಲಿಫೋನ್ ಬಂದು ಏಳು ವರ್ಷವಾಗಿತ್ತು. ಆ ಏಳು ವರ್ಷವೂ ಅದನ್ನು ಎತ್ತುತ್ತಿದ್ದವಳು ಮಾಸೆಲ್ಲೊ. ಯಾರೂ ಅವಳನ್ನು ಆ ಕೆಲಸಕ್ಕೆ ನೇಮಿಸಿರಲಿಲ್ಲ. ಅಂಗಡಿಯ ಗೋಡೆಗೆ ಆನಿಸಿ ನಿಲ್ಲಿಸಿದ್ದ ಫೋನಿನ ನೀಲಿ ತಗಡಿನ ಗೂಡಿನ ಪಕ್ಕದಲ್ಲಿ ಅವಳು ಒಲೆ ಹೂಡಿ ಮಕ್ವೆನ್ಯಾ ಎಂಬ ಹಿಟ್ಟಿನ ಉಂಡೆ ಕರಿದು ಮಾರುತ್ತಿದ್ದಳು. ಮೊದಲ ದಿನ ಗಂಟೆ ಹೊಡೆದಾಗ ಸುತ್ತ ನಿಂತವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಅವಳಿಗೆ ಸರಿಯಲು ಜಾಗವಿರಲಿಲ್ಲ, ಬೆನ್ನ ಹಿಂದೆ ಕಾದ ಬಾಣಲೆಯಿತ್ತು. ಎಣ್ಣೆಗೈಯನ್ನು ಹೊದ್ದ ಕಂಬಳಿಗೆ ಒರೆಸಿಕೊಂಡು ಎತ್ತಿದಳು. ಅಂದಿನಿಂದ ಅದು ಅವಳ ಪಾಲಿಗೇ ಬಂತು.

ಗಡಿಯಾಚೆಯ ಚಿನ್ನದ ಗಣಿಗಳಲ್ಲಿ ಈ ಕಣಿವೆಯ ನಲವತ್ತಕ್ಕೂ ಹೆಚ್ಚು ಗಂಡಸರಿದ್ದರು. ಭಾನುವಾರ ಪಾಳಿಯಿಲ್ಲ. ಅಂದು ಅವರು ಗಣಿಯ ಹಾಸ್ಟೆಲಿನ ಫೋನುಗಳ ಮುಂದೆ ಸಾಲುಗಟ್ಟಿ ಊರಿಗೆ ಕರೆ ಮಾಡುತ್ತಿದ್ದರು. ಮಾಸೆಲ್ಲೊ 'ಯಾರು, ಯಾರಿಗೆ' ಎಂದಷ್ಟೇ ಕೇಳಿ, 'ಅರ್ಧ ಗಂಟೆ ಬಿಟ್ಟು ಮಾಡಪ್ಪಾ' ಎಂದು ಇಟ್ಟುಬಿಡುವಳು. ಆಮೇಲೆ ಹತ್ತಿರದ ಮನೆಗಾದರೆ ಕೂಗುವಳು, ಕಣಿವೆಯಾಚೆಯ ಹಟ್ಟಿಗಾದರೆ ಕೋಲಿನ ತುದಿಗೆ ಬಟ್ಟೆ ಏರಿಸುವಳು. ಬಿಳಿ ಬಟ್ಟೆ ಹಾರಿದರೆ ಯಾರದೋ ಮನೆಯಲ್ಲಿ ಜೋಳದ ಬೀರು ಹದವಾಗಿದೆಯೆಂದೂ, ಕೆಂಪು ಹಾರಿದರೆ ಮಾಂಸವೆಂದೂ, ಹಸಿರಿಗೆ ಸೊಪ್ಪೆಂದೂ ಎಲ್ಲರಿಗೂ ಗೊತ್ತಿದ್ದುದರಿಂದ ಅವಳು ಆ ಬಣ್ಣಗಳನ್ನು ಮುಟ್ಟಲಿಲ್ಲ. ಮೇಲಿನ ಹಟ್ಟಿಗೆ ನೀಲಿ, ಹೊಳೆಯ ಹಟ್ಟಿಗೆ ಕಂದು, ಗವಿಯ ಹಟ್ಟಿಗೆ ಹರಿದ ಕಂಬಳಿಯ ಪಟ್ಟೆಯ ತುಂಡು. ಬಟ್ಟೆ ಏರಿದ ಅರ್ಧ ಗಂಟೆಯೊಳಗೆ ಆ ಹಟ್ಟಿಯ ಹೆಂಗಸರು ಏದುಸಿರು ಬಿಡುತ್ತ ಗೂಡಿನ ಮುಂದೆ ನಿಂತಿರುತ್ತಿದ್ದರು. ಗಡಿಯಾರ ಹಿಡಿದು ನೋಡಿದರೂ ತಪ್ಪು ಸಿಗದಷ್ಟು ನಿಖರವಾದ ಏರ್ಪಾಡು ಅದು.

ಅವಳ ಮಗ ಸೆಲ್ಲೊನ ಕರೆ ಬರುತ್ತಿದ್ದುದು ಹತ್ತು ಗಂಟೆಯ ಸುಮಾರಿಗೆ. ಹೆಚ್ಚೇನೂ ಮಾತಿರುತ್ತಿರಲಿಲ್ಲ. ಊಟ ಆಯ್ತಾ, ಕೆಮ್ಮು ಹೇಗಿದೆ, ಕುದುರೆ ಕುಂಟುವುದು ನಿಂತಿತಾ. ಅವಳಿಗೆ ಬೇಕಾಗಿದ್ದುದು ಮಾತಲ್ಲ. ಆ ಕಡೆಯಿಂದ ಧ್ವನಿ ಬಂದರೆ ಅವನು ಈ ವಾರವೂ ನೆಲದಡಿಯಿಂದ ಮೇಲೆ ಬಂದಿದ್ದಾನೆ ಎಂದರ್ಥ.

ಅವಳ ಗಂಡ ಹಾಗೆ ಮೇಲೆ ಬರಲಿಲ್ಲ. ಆಗ ಊರಲ್ಲಿ ಫೋನ್ ಇರಲಿಲ್ಲ. ಬಂಡೆ ಕುಸಿದ ಸುದ್ದಿ ಕಾಗದದಲ್ಲಿ ಬಂತು, ಇಪ್ಪತ್ತೆರಡು ದಿನ ತಡವಾಗಿ. ಆ ಇಪ್ಪತ್ತೆರಡು ದಿನಗಳಲ್ಲಿ ಅವಳು ಹೊಲಕ್ಕೆ ಬೀಜ ಹಾಕಿದ್ದಳು, ಓರಗಿತ್ತಿಯ ಮಗಳ ಮದುವೆಯಲ್ಲಿ ಬೆಳಗಿನವರೆಗೆ ಕುಣಿದಿದ್ದಳು, ಗಂಡ ಬರುವಾಗ ತರಬೇಕಾದ ಸಾಮಾನುಗಳನ್ನು ಬೆರಳು ಮಡಚಿ ನೆನಪಿಟ್ಟುಕೊಂಡಿದ್ದಳು. ಸಾವಿಗಿಂತಲೂ ಆ ದಿನಗಳು ಅವಳನ್ನು ಹೆಚ್ಚು ಸುಟ್ಟವು. ಮಣ್ಣಿನಡಿಗೆ ಹೋದ ಗಂಡನ ಮೇಲೆ ನಿಂತು ತಾನು ನಕ್ಕಂತೆ ಅವಳಿಗೆ ಅನ್ನಿಸುತ್ತಿತ್ತು. ಇನ್ನೊಂದು ಸಲ ಹಾಗಾಗಲು ಬಿಡುವುದಿಲ್ಲವೆಂದು ಅವಳು ಯಾರ ಮುಂದೆಯೂ ಆಣೆ ಮಾಡಿರಲಿಲ್ಲ. ಆದರೆ ಏಳು ವರ್ಷದಲ್ಲಿ ಒಂದು ಭಾನುವಾರವೂ ಗೂಡು ಬಿಟ್ಟು ಕದಲಿರಲಿಲ್ಲ.

ಫೋನಿನ ಹೊಟ್ಟೆಯೊಳಗೆ ಒಂದು ಲೆಕ್ಕದ ಯಂತ್ರವಿತ್ತು. ತನ್ನೊಳಗೆ ಬಿದ್ದ ನಾಣ್ಯವನ್ನಲ್ಲದೆ ಅದು ಬೇರೇನನ್ನೂ ಅರಿಯದು. ಗಣಿಯಿಂದ ಬಂದ ಕರೆಗೆ ನಾಣ್ಯ ಬೀಳುವುದು ಗಣಿಯ ಡಬ್ಬಿಯಲ್ಲಿ. ಮಳೆಮಾಪಕದ ಬಾಯಿಗೆ ಮುಚ್ಚಳ ಹಾಕಿಟ್ಟು, ಈ ವರ್ಷ ಮಳೆಯೇ ಆಗಲಿಲ್ಲವೆಂದು ಬರೆದುಕೊಂಡ ಹಾಗೆ, ಲಿಫಾಕ್ವೆಂಗ್‌ನ ಫೋನನ್ನು ಯಾರೂ ಬಳಸುವುದಿಲ್ಲವೆಂದು ರಾಜಧಾನಿ ಮಸೇರುವಿನ ಕಚೇರಿಯಲ್ಲಿ ಬರೆದುಕೊಂಡಿದ್ದರು.

ಹೆಂಗಸರು ಇಲ್ಲಿಂದ ಕರೆ ಮಾಡದೆ ಇದ್ದುದಕ್ಕೆ ಕಾಸಿನ ಬಡತನವೊಂದೇ ಕಾರಣವಲ್ಲ. ಹಾಸ್ಟೆಲಿನಲ್ಲಿ ಫೋನ್ ಎತ್ತುವ ಗುಮಾಸ್ತ ಮೊದಲು ಕೇಳುವುದು ಮನೆತನದ ಹೆಸರು. ಈ ಕಣಿವೆಯ ಮುಕ್ಕಾಲು ಪಾಲು ಮನೆಗಳು ಒಬ್ಬನೇ ಮುದುಕನ ಬೇರಿನವು. ಮೂವರು ಹೆಂಡಿರ, ಒಂಬತ್ತು ಗಂಡುಮಕ್ಕಳ ಆ ಮುದುಕ ಸೆಫಾಕೊ ಸತ್ತು ಬಹಳ ಕಾಲವಾಗಿತ್ತು. ಅವನ ಹೆಸರನ್ನೇ ಮಕ್ಕಳು, ಮೊಮ್ಮಕ್ಕಳು ಗಣಿಯ ದಾಖಲೆಯಲ್ಲಿ ಬರೆಸಿದ್ದರು. ಆ ಮನೆಗೆ ಬಂದ ಸೊಸೆ ಮಾವನ ಹೆಸರನ್ನು ನಾಲಗೆಯ ಮೇಲೆ ತರುವಂತಿಲ್ಲ. ಹೆಸರನ್ನಷ್ಟೇ ಅಲ್ಲ, ಆ ಹೆಸರಿನ ವಸ್ತುವನ್ನೂ ಬೇರೆ ಮಾತಿನಲ್ಲೇ ಹೇಳಬೇಕು. ಸೆಫಾಕೊ ಎಂದರೆ ಆಲಿಕಲ್ಲು. ಮೂವತ್ತೊಂದು ವರ್ಷದಿಂದ ಮಾಸೆಲ್ಲೊ ಆಲಿಕಲ್ಲನ್ನು 'ಮೇಲಿನದು' ಎನ್ನುತ್ತಿದ್ದಳು. ಹೊಲವೆಲ್ಲ ನೆಲಸಮವಾದ ವರ್ಷವೂ, ಮೇಲಿನದು ಬಿದ್ದು ಜೋಳವೆಲ್ಲ ಹೋಯಿತು ಎಂದೇ ಅತ್ತಿದ್ದಳು. ಸೊಸೆ ಹೆಸರು ಹಿಡಿದರೆ ಸತ್ತ ಹಿರಿಯರು ಮುನಿಯುತ್ತಾರೆ, ಆ ಮುನಿಸು ಅವಳ ಹೊಟ್ಟೆಯ ಮಕ್ಕಳ ಮೇಲೆ ಇಳಿಯುತ್ತದೆ.

ಯಾರಾದರೂ ಸತ್ತಾಗ ಗಣಿಗೆ ಸುದ್ದಿ ಮುಟ್ಟಿಸಬೇಕಾದರೆ ಮುದುಕರನ್ನು ಕರೆತಂದು ಹೇಳಿಸುತ್ತಿದ್ದರು. ಹಿಂದಿನ ಚಳಿಗಾಲದಲ್ಲಿ ಮಾಟುಮೆಲೊ ಎಂಬ ಎಳೆಯ ಸೊಸೆ ಮಾತ್ರ ಕೂಸಿಗೆ ಜ್ವರವೆಂದು ಯಾರನ್ನೂ ಕಾಯದೆ ತಾನೇ ನಾಣ್ಯ ಹಾಕಿದ್ದಳು. ಗುಮಾಸ್ತ ಹೆಸರು ಕೇಳಿದ. ಇವಳು ಸುಮ್ಮನೆ ನಿಂತಳು. ನಾಣ್ಯಗಳು ಒಂದೊಂದಾಗಿ ಒಳಗಿಳಿದು ಮುಗಿದವು, ಕರೆ ತುಂಡಾಯಿತು. ಅವಳು ರಿಸೀವರನ್ನು ಕೂಸನ್ನು ಮಲಗಿಸಿದಷ್ಟು ಮೆಲ್ಲಗೆ ಇಟ್ಟು ಹೊರಗೆ ಬಂದಿದ್ದಳು.

ಫೋನ್ ಕಂಪನಿಯ ಖ್ವಾರಾಯ್ ಬಂದದ್ದು ಉಣ್ಣೆ ಕತ್ತರಿಸುವ ದಿನಗಳ ಒಂದು ಬುಧವಾರ. ಊರಲ್ಲಿ ಉಳಿದಿದ್ದ ಗಂಡಸರೆಲ್ಲ ಕುರಿ ಹೊಡೆದುಕೊಂಡು ದಿಣ್ಣೆಯಾಚೆಯ ಉಣ್ಣೆ ಕೊಟ್ಟಿಗೆಗೆ ಹೋಗಿದ್ದರು, ಅಂಗಡಿಯವನೂ ಬೀಗ ಹಾಕಿ ಅಲ್ಲಿಗೇ ಹೋಗಿದ್ದ. ಮಕ್ಕಳು ಶಾಲೆಯಲ್ಲಿದ್ದರು. ಖ್ವಾರಾಯ್ ಹೊಸಬನಲ್ಲ. ವರ್ಷಕ್ಕೆರಡು ಸಲ ಬಂದು ತಂತಿ ನೋಡಿ, ನಾಣ್ಯದ ಡಬ್ಬಿ ಖಾಲಿ ಮಾಡಿಕೊಂಡು, ಮಾಸೆಲ್ಲೊಳ ಕೈಯಿಂದ ನಾಲ್ಕು ಮಕ್ವೆನ್ಯಾ ತಿಂದು ಹೋಗುವ ಸಣಕಲು ಮನುಷ್ಯ. ಈ ಸಲ ಟ್ರಕ್ಕಿನ ಹಿಂಬದಿ ಖಾಲಿಯಾಗಿತ್ತು, ಹಗ್ಗ ಸುತ್ತಿಟ್ಟಿತ್ತು. ಅವನು ಮಕ್ವೆನ್ಯಾ ಕೇಳಲಿಲ್ಲ. ಅದನ್ನು ನೋಡಿಯೇ ಅವಳಿಗೆ ಅರ್ಧ ಗೊತ್ತಾಯಿತು.

ಅವನು ಕಾಗದ ತೆಗೆದು, ಇಂಗ್ಲಿಷಿನಲ್ಲಿದ್ದುದನ್ನು ತನಗೆ ತಿಳಿದ ಹಾಗೆ ತಿರುಗಿಸಿ ಹೇಳಿದ. ಈ ಜಾಗದಲ್ಲಿ ಬಳಕೆಯಿಲ್ಲ, ಗೂಡನ್ನು ಕಿತ್ತು ಗಡಿಯ ಪೇಟೆಗೆ ಸಾಗಿಸತಕ್ಕದ್ದು. ಆರು ತಿಂಗಳಲ್ಲಿ ಇಲ್ಲಿಂದ ಹೋದ ಕರೆ ಒಂಬತ್ತು.

"ಬಂದಿದ್ದು?" ಎಂದಳು ಮಾಸೆಲ್ಲೊ.

"ಅದಕ್ಕೆ ಈ ಹಾಳೇಲಿ ಖಾನೆ ಇಲ್ಲ ಅವ್ವ."

"ಖಾನೆ ಇಲ್ದೆ ಇದ್ರೆ ಕರೆ ಬಂದೇ ಇಲ್ಲ ಅಂತಾನಾ? ನೀನೇ ಇಲ್ಲಿ ಕೂತು ತಿಂತಾ ಇದ್ದಾಗ ಎಷ್ಟು ಸಲ ಗಂಟೆ ಹೊಡ್ದಿಲ್ಲ?"

ಖ್ವಾರಾಯ್ ತಾನು ಕೇಳಿದ್ದನ್ನು ಇಲ್ಲವೆನ್ನಲಿಲ್ಲ. ತನ್ನ ಕಿವಿಗೆ ಕಚೇರಿಯಲ್ಲಿ ಬೆಲೆಯಿಲ್ಲ, ಡಬ್ಬಿಗೆ ಇದೆ ಎಂದಷ್ಟೇ ಹೇಳಿ ಸ್ಕ್ರೂಡ್ರೈವರ್ ತೆಗೆದ.

ಇನ್ನು ಮುಂದೆ ಹತ್ತಿರದ ಫೋನ್ ಎಂದರೆ ಕುದುರೆಯ ಮೇಲೆ ಐದು ಗಂಟೆಯ ದಾರಿ. ಚಳಿಗಾಲದಲ್ಲಿ ಕಣಿವೆಯ ಬಾಯಿ ಮುಚ್ಚಿದರೆ ಅದೂ ಇಲ್ಲ. ಮಾಸೆಲ್ಲೊ ಅವನೊಡನೆ ಮಾತು ಬೆಳೆಸಲಿಲ್ಲ. ಕೋಲಿನ ಹತ್ತಿರ ಹೋಗಿ ನೀಲಿ, ಕಂದು, ಪಟ್ಟೆ, ಮೂರನ್ನೂ ಒಟ್ಟಿಗೆ ಏರಿಸಿದಳು. ಮೂರೂ ಒಟ್ಟಿಗೆ ಏರಿದ್ದು ಅದೇ ಮೊದಲು. ಆಮೇಲೆ ಬಂದು ಗೂಡಿನೊಳಗೆ ನಿಂತು ರಿಸೀವರ್ ಎತ್ತಿಕೊಂಡಳು. ಕರೆ ನಡೆಯುತ್ತಿರುವಾಗ ಖ್ವಾರಾಯ್ ತಂತಿ ಮುಟ್ಟುವುದಿಲ್ಲ ಎಂಬುದನ್ನು ಅವಳು ಏಳು ವರ್ಷದಿಂದ ಗಮನಿಸಿದ್ದಳು. ಎಷ್ಟೇ ಅವಸರವಿರಲಿ, ಮಾತು ಮುಗಿಯುವವರೆಗೆ ಟ್ರಕ್ಕಿಗೆ ಒರಗಿ ಕಾಯುತ್ತಿದ್ದ.

ಅವನಿಗೂ ಅವಳ ಎಣಿಕೆ ಅರ್ಥವಾಯಿತು. ಸ್ವಲ್ಪ ನಕ್ಕ. "ಮಾತು ನಡೀತಿದ್ರೆ ಮುಟ್ಟಲ್ಲ, ಅದು ನಮ್ಮ ನಿಯಮ, ನಿಜ. ಆದ್ರೆ ಸುಮ್ನೆ ಎತ್ತಿ ಹಿಡ್ಕೊಂಡ್ರೆ ಅದು ಮಾತಲ್ಲ ಅವ್ವ. ಆ ಕಡೆ ಒಂದು ಕಿವಿ ಇರ್ಬೇಕು."

ಅಷ್ಟರಲ್ಲಿ ಹೆಂಗಸರು ಬರತೊಡಗಿದರು. ಒಬ್ಬಳ ಕೈಯಲ್ಲಿ ಹಿಟ್ಟು, ಇನ್ನೊಬ್ಬಳ ಬೆನ್ನಲ್ಲಿ ಕೂಸು. ತಮಗೇ ಕರೆ ಬಂದಿದೆಯೆಂದು ಹದಿನಾಲ್ಕು ಜನರೂ ನಂಬಿ ಬಂದಿದ್ದರು. ಎಲ್ಲರೂ ಆ ಒಂದೇ ಮನೆತನದ ಸೊಸೆಯರು. ವಿಷಯ ತಿಳಿದಾಗ ಯಾರೂ ಕೂಗಾಡಲಿಲ್ಲ. ಎಲ್ಲರಿಗಿಂತ ಹಿರಿಯಳಾದ ಮಾಪೊಲೊ ಬಂದವಳೇ ಟ್ರಕ್ಕಿನ ಮುಂದಿನ ಗಾಲಿಯ ಮುಂದೆ ಕಾಲು ಚಾಚಿ ಕುಳಿತು ಮೂಗಿಗೆ ನಶ್ಯ ಏರಿಸಿದಳು. ಉಣ್ಣೆ ಕೊಟ್ಟಿಗೆಗೆ ಓಡಿ ಗಂಡಸರನ್ನು ಕರೆತರಲೇ ಎಂದು ಮಾಟುಮೆಲೊ ಕೇಳಿದಳು. ಹೋಗಿ ಬರಲು ಮೂರು ಗಂಟೆ ಬೇಕು. ಗೂಡಿಗೆ ಇದ್ದುದು ನಾಲ್ಕು ತಿರುಪು.

ಹಾಸ್ಟೆಲಿನ ಸಂಖ್ಯೆ ಗೂಡಿನ ಒಳಗೋಡೆಯ ಮೇಲೆ ಗೀಚಿತ್ತು. ಮಾಸೆಲ್ಲೊ ಮಕ್ವೆನ್ಯಾದ ಡಬ್ಬಿಯಿಂದ ನಾಣ್ಯ ತೆಗೆದು ಹಾಕಿ, ಅಂಕೆಗಳನ್ನು ಒಂದೊಂದಾಗಿ ಒತ್ತಿದಳು. ಗುಮಾಸ್ತ ಎತ್ತಿದ, ಯಾರು ಬೇಕೆಂದ.

"ಸೆಲ್ಲೊ."

"ಯಾವ ಸೆಲ್ಲೊ ತಾಯಿ? ಇಲ್ಲಿ ಆರು ಸಾವಿರ ಜನ ಇದಾರೆ. ಮನೆತನದ ಹೆಸರು ಹೇಳಿ."

ಲಿಫಾಕ್ವೆಂಗ್‌ನವನು ಎಂದಳು. ಉದ್ದಕ್ಕಿದ್ದಾನೆ, ಎಡಗಿವಿಯ ಹತ್ತಿರ ಗಾಯದ ಕಲೆಯಿದೆ, ರಾತ್ರಿ ಪಾಳಿ, ಈಗ ಮಲಗಿರುತ್ತಾನೆ ಎಂದಳು.

"ಅಂಗಳದ ಸ್ಪೀಕರ್‌ನಲ್ಲಿ ನಾನು ಹೆಸರು ಕೂಗ್ಬಹುದು ತಾಯಿ, ಗಾಯದ ಕಲೆ ಕೂಗೋಕಾಗಲ್ಲ," ಎಂದ ಗುಮಾಸ್ತ. ಅವನ ಹಿಂದೆ ಯಾರೋ ನಕ್ಕರು.

ನಾಣ್ಯ ಒಳಗಿಳಿದ ಸದ್ದಾಯಿತು. ಅವಳು ಇನ್ನೊಂದು ಹಾಕಿದಳು. ಖ್ವಾರಾಯ್‌ಗೆ ಅವಳು ಎಲ್ಲಿ ಸಿಕ್ಕಿಬಿದ್ದಿದ್ದಾಳೆಂದು ಗೊತ್ತಿತ್ತು, ಅವನೂ ಇದೇ ನಾಡಿನವನು, ಅವನ ಹೆಂಡತಿಯೂ ಒಬ್ಬಳು ಸೊಸೆಯೇ. ಅಪ್ಪಾ, ನೀನೊಂದು ಸಲ ಹೇಳಿಬಿಡು ಎಂದು ಮಾಟುಮೆಲೊ ಅವನನ್ನು ಬೇಡಿದಳು. ಅವನು ಆಗದೆಂದು ತಲೆಯಾಡಿಸಿದ. ತನ್ನ ಕೆಲಸಕ್ಕೆ ತಾನೇ ಕಲ್ಲು ಹಾಕಿಕೊಳ್ಳಲಾರೆನೆಂದ. ಆಮೇಲೆ ಮಾಸೆಲ್ಲೊಳ ಕಡೆ ತಿರುಗಿ, ಗಟ್ಟಿಯಾಗಿಯೂ ಅಲ್ಲದೆ, ಹಂಗಿಸುವಂತೆಯೂ ಅಲ್ಲದೆ ಅಂದ:

"ನೀನೇ ನೋಡು ಅವ್ವ. ಮನೆಯವರ ಹೆಸರೇ ಹೇಳೋಕಾಗದ ಬಾಯಿಗೆ ಫೋನ್ ಯಾಕೆ?"

ಮಾಸೆಲ್ಲೊ ಅವನನ್ನು ನೋಡಲಿಲ್ಲ. ಅವಳ ಎದುರಿಗೆ ಇದ್ದುದು ಗೂಡಿನ ಗಾಜು, ಅದರಾಚೆ ಕಣಿವೆ, ಅದರಾಚೆ ಮುದುಕನ ಕಲ್ಲಿನ ಗೋರಿಯಿರುವ ದಿಬ್ಬ. ಬದುಕಿದ್ದಾಗ ಅವನು ಕೆಟ್ಟವನಾಗಿರಲಿಲ್ಲ. ಬಾಣಂತಿಯಾಗಿದ್ದಾಗ ಅವಳಿಗೆಂದು ತಾನೇ ಕುರಿ ಕಡಿದಿದ್ದ. ಅವನ ಹೆಸರನ್ನು ಅವಳು ಭಯದಿಂದ ಮಾತ್ರವಲ್ಲ, ಮರ್ಯಾದೆಯಿಂದಲೂ ಕಾಪಾಡಿಕೊಂಡು ಬಂದಿದ್ದಳು. ಮುನಿಸು ಇಳಿಯುವುದೇ ಆದರೆ ಯಾರ ಮೇಲೆ ಇಳಿಯುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಸೆಲ್ಲೊ ಈ ರಾತ್ರಿಯೂ ನೆಲದಡಿಗೆ ಇಳಿಯುವವನು. ಆದರೆ ಅವಳು ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಿದಳು. ಹೆಸರು ಹೇಳಿದ್ದಕ್ಕೆ ಮೊಮ್ಮಗನನ್ನೇ ಬಂಡೆಯಡಿಗೆ ಹಾಕುವ ಅಜ್ಜನೊಬ್ಬ ಇರಬಹುದು. ಹಾಗಿದ್ದರೆ, ಸ್ವಂತ ಮಗ ಸತ್ತ ಸುದ್ದಿ ಮನೆಗೆ ಬಾರದೆ ಸೊಸೆ ಮದುವೆಮನೆಯಲ್ಲಿ ಕುಣಿಯುತ್ತಿದ್ದಾಗ ಆ ಅಜ್ಜ ಎಲ್ಲಿದ್ದ? ಅಂದು ಕಿವಿ ಕೇಳಿಸದವನಿಗೆ ಇಂದು ಕೇಳಿಸುವುದಾದರೆ ಕೇಳಿಸಲಿ.

ಮಾಟುಮೆಲೊ ಬೇಡವೆಂಬಂತೆ ಅವಳ ಕಂಬಳಿಯ ಅಂಚು ಎಳೆದಳು.

"ಸೆಫಾಕೊ," ಎಂದಳು ಮಾಸೆಲ್ಲೊ. ಮೂವತ್ತೊಂದು ವರ್ಷ ಬಳಸದ ಮಾತು. ಮೊದಲ ಸಲ ಗಂಟಲಲ್ಲೇ ಒಡೆಯಿತು. ಕೆಮ್ಮಿ ಸರಿಮಾಡಿಕೊಂಡಳು. "ಸೆಲ್ಲೊ ಸೆಫಾಕೊ. ಸೆಫಾಕೊ ನನ್ನ ಮಾವ. ಗಟ್ಟಿಯಾಗಿ ಕೂಗಪ್ಪ, ಮಲಗಿರೋನು ಏಳ್ಬೇಕು."

ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದರು. ಮಾಪೊಲೊ ನಶ್ಯದ ಡಬ್ಬಿ ಮುಚ್ಚಿ ಮುಖ ಆ ಕಡೆ ತಿರುಗಿಸಿದಳು. ಖ್ವಾರಾಯ್ ಸ್ಕ್ರೂಡ್ರೈವರನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಗಾಳಿ ಬೀಸುತ್ತಲೇ ಇತ್ತು, ಬಾಣಲೆಯಲ್ಲಿ ಬಿಟ್ಟುಬಂದ ಮಕ್ವೆನ್ಯಾ ಕರಕಾಗಿ ಹೊಗೆಯಾಡುತ್ತಿತ್ತು, ಅದನ್ನು ಇಳಿಸಲು ಯಾರಿಗೂ ತೋಚಲಿಲ್ಲ. ನೂರಾರು ಮೈಲಿ ದೂರದ ಅಂಗಳವೊಂದರಲ್ಲಿ ಧ್ವನಿವರ್ಧಕ ಆ ಹೆಸರನ್ನು ಎರಡು ಸಲ ಕೂಗಿದ್ದು ರಿಸೀವರಿನೊಳಗಿಂದ ಇರುವೆಯ ದನಿಯಲ್ಲಿ ಕೇಳಿಸಿತು.

ಸೆಲ್ಲೊ ಓಡಿ ಬಂದಿದ್ದ. ಊರಿಂದ ಗಣಿಗೆ ಕರೆ ಬಂದರೆ ಅದಕ್ಕೆ ಒಂದೇ ಅರ್ಥವಿತ್ತು.

"ಯಾರು ಹೋದ್ರು ಅವ್ವಾ?"

"ಯಾರೂ ಹೋಗಿಲ್ಲ. ಫೋನ್ ಕೀಳೋಕೆ ಬಂದಿದಾರೆ. ಯಾರೂ ಬಳಸಲ್ಲ ಅಂತೆ."

ಆ ಕಡೆ ಉಸಿರು ಬಿಟ್ಟ ಸದ್ದು ಕೇಳಿಸಿತು. ಆಮೇಲೆ ಅವನು ನಿಧಾನವಾಗಿ, ಗುಮಾಸ್ತನಿಗೆ ಹೆಸರು ಹೇಳಿದ್ದು ಯಾರೆಂದು ಕೇಳಿದ.

"ನಾನೇ."

"ನೀನೇನಾ?"

"ನನ್ನ ಬಾಯಿಂದಾನೇ. ಅದನ್ನ ಆಮೇಲೆ ಮಾತಾಡೋಣ, ಕಾಸು ಇಳೀತಾ ಇದೆ. ರಾತ್ರಿ ಪಾಳಿಯವರನ್ನ ಎಬ್ಬಿಸು. ಒಬ್ಬರಾದ ಮೇಲೆ ಒಬ್ಬರು ಇಲ್ಲಿಗೆ ಮಾಡ್ತಾನೇ ಇರ್ಬೇಕು. ಮಧ್ಯ ಬಿಡುವು ಕೊಡ್ಬೇಡಿ. ಬಿಡುವು ಸಿಕ್ಕಿದ ಕೂಡ್ಲೇ ಈ ಮನುಷ್ಯ ತಂತಿ ಕತ್ತರಿಸ್ತಾನೆ. ಮೂರು ಗಂಟೆ ದಾಟಿದ್ರೆ ಅವನು ಕಣಿವೆ ಇಳಿದು ಹೋಗಲೇಬೇಕು, ಕತ್ತಲಲ್ಲಿ ಆ ತಿರುವು ಆಗಲ್ಲ."

ಸೆಲ್ಲೊ ಏನೋ ಹೇಳಲು ಹೋದ, ನಾಣ್ಯ ಮುಗಿದು ಕರೆ ತುಂಡಾಯಿತು.

ಅವಳು ರಿಸೀವರ್ ಇಡಲೇಬೇಕಾಯಿತು, ಇಡದಿದ್ದರೆ ಆ ಕಡೆಯ ಕರೆ ಬರುವುದಿಲ್ಲ. ಇಟ್ಟು ಗೂಡಿನಿಂದ ಒಂದು ಹೆಜ್ಜೆ ಹೊರಗೆ ಬಂದಳು. ಖ್ವಾರಾಯ್ ಒಳಗೆ ಹೋದ. ಯಾರೂ ಅವನನ್ನು ತಡೆಯಲಿಲ್ಲ, ಅವನೂ ಯಾರ ಕಣ್ಣನ್ನೂ ನೋಡಲಿಲ್ಲ. ಮೊದಲ ತಿರುಪು ಸಲೀಸಾಗಿ ಬಂತು. ಎರಡನೆಯದು ತುಕ್ಕು ಹಿಡಿದಿತ್ತು, ಮೊಣಕೈ ಊರಿ ತಿರುಗಿಸಿದ. ಅದನ್ನು ಜೇಬಿಗೆ ಹಾಕಿಕೊಂಡು ಮೂರನೆಯದಕ್ಕೆ ಬಾಗಿದ. ಆ ಮೂರನೆಯದು ಒಂದು ಸುತ್ತು ಬಂದಿತ್ತು, ಆಗ ಅವನ ಮೂಗಿನ ಮುಂದೆಯೇ ಗಂಟೆ ಹೊಡೆಯಿತು.

ಅವನು ಹಾಗೇ ಬಾಗಿ ನಿಂತಿದ್ದ. ಮಾಸೆಲ್ಲೊ ಅವನ ಹೆಗಲ ಮೇಲಿನಿಂದ ಕೈ ಚಾಚಿ ಎತ್ತಿದಳು.

ಹೀಗೆ ಆರಂಭವಾದದ್ದು ಮಧ್ಯಾಹ್ನವೆಲ್ಲ ನಡೆಯಿತು. ಮೊದಲು ಮಾಟುಮೆಲೊಳ ಗಂಡ. ನಿದ್ದೆಗಣ್ಣಿನಲ್ಲಿ ಬಂದಿದ್ದ ಅವನಿಗೆ ಏನು ಮಾತಾಡಬೇಕೋ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ. ಭಾನುವಾರವಾದರೆ ಒಂದೊಂದು ಮಾತನ್ನೂ ಹಿಂಡಿ ಹಿಂಡಿ ಆಡುವವರು. ಅಂದು ಮಾತಿಗೆ ಬರ ಬಂದು, ಅವಳು ಅಂಗಳದ ಕೋಳಿಗಳನ್ನು ಒಂದೊಂದಾಗಿ ವರ್ಣಿಸಿದಳು, ಕೂಸಿನ ಬಾಯಿಗೆ ರಿಸೀವರ್ ಹಿಡಿದು ಅದು ಬಿಡುವ ಜೊಲ್ಲಿನ ಸದ್ದನ್ನು ಕೇಳಿಸಿದಳು. ಇನ್ನೊಬ್ಬಳು ಗಂಡನ ಜೊತೆ ಮೂರು ವರ್ಷದಿಂದ ಬಾಕಿಯಿದ್ದ ಜಗಳವನ್ನು ಇಂದೇ ಮುಗಿಸಿಕೊಳ್ಳುತ್ತೇನೆಂದು ಒಳಗೆ ಹೋಗಿ, ಅರ್ಧಕ್ಕೇ ನಗುತ್ತ ಹೊರಬಂದಳು. ಒಬ್ಬರು ಇಡುವುದರೊಳಗೆ ಇನ್ನೊಬ್ಬರು ಬಾಗಿಲಲ್ಲಿ ನಿಂತಿರುತ್ತಿದ್ದರು.

ಆದರೂ ಒಂದು ಗಂಟೆಯ ಸುಮಾರಿಗೆ ಕರೆ ಬರುವುದು ನಿಂತಿತು. ಆ ಕಡೆ ಏನಾಯಿತೋ ತಿಳಿಯದು, ಹಾಸ್ಟೆಲಿನ ಕಾವಲಿನವರು ಸಾಲನ್ನು ಚದುರಿಸಿರಬಹುದು. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಖ್ವಾರಾಯ್ ಟ್ರಕ್ಕಿನಿಂದ ಬೆನ್ನು ಎತ್ತಿದ. ಮಾಸೆಲ್ಲೊಳ ಡಬ್ಬಿಯಲ್ಲಿ ಇನ್ನು ನಾಣ್ಯವಿರಲಿಲ್ಲ.

ಆಗ ಗಾಲಿಯ ಮುಂದಿನಿಂದ ಮಾಪೊಲೊ ಎದ್ದಳು. ಆ ಹೆಸರು ಕೇಳಿದಾಗಿನಿಂದ ಅವಳು ಮಾಸೆಲ್ಲೊಳ ಮುಖ ನೋಡಿರಲಿಲ್ಲ. ಆ ಮನೆಗೆ ಸೊಸೆಯಾಗಿ ಬಂದು ಅವಳಿಗೆ ನಲವತ್ತೈದು ವರ್ಷ. ಕಂಬಳಿಯ ಅಂಚಿನ ಗಂಟು ಬಿಚ್ಚಿ ನಾಣ್ಯ ಹಿಡಿದು ಗೂಡಿನೊಳಗೆ ಹೋಗಿ, ಅಂಕೆಗಳನ್ನು ಮಾಸೆಲ್ಲೊಳಿಂದಲೇ ಒತ್ತಿಸಿಕೊಂಡಳು. ಕಿವಿ ಮಂದವಾದ್ದರಿಂದ ಅವಳು ಮಾತಾಡುವುದೇ ಕೂಗಿದಂತೆ.

"ಸೆಫಾಕೊ ಬೇಕು," ಎಂದಳು. "ಯಾವ ಸೆಫಾಕೊ ಆದ್ರೂ ಪರವಾಗಿಲ್ಲ. ಇರೋರನ್ನೆಲ್ಲ ಕರಿ."

ಆಮೇಲೆ ಬಿಡುವು ಬಿದ್ದಾಗಲೆಲ್ಲ ಒಬ್ಬೊಬ್ಬ ಸೊಸೆ ಗಂಟು ಬಿಚ್ಚಿ ನಾಣ್ಯ ಹಾಕಿ ಆ ಹೆಸರು ಹೇಳಿದಳು. ಕೆಲವರು ಪಿಸುಗುಟ್ಟಿದರು. ಒಬ್ಬಳು ಹೇಳಿದ ಕೂಡಲೇ ಹೊರಗೋಡಿ ಬಾಯಿ ಮುಕ್ಕಳಿಸಿದಳು. ಮಾಟುಮೆಲೊ ಕಣ್ಣು ಮುಚ್ಚಿಕೊಂಡು, ಕಹಿ ಮದ್ದು ನುಂಗುವವಳಂತೆ ಹೇಳಿ, ಕಣ್ಣು ತೆರೆದು ಸುತ್ತ ನೋಡಿದಳು. ಬೆಟ್ಟ ಅಲ್ಲೇ ಇತ್ತು, ಬೆನ್ನ ಮೇಲಿನ ಕೂಸು ನಿದ್ದೆ ಹೋಗಿತ್ತು. ಗಣಿಯ ಅಂಗಳದಲ್ಲಿ ಮಧ್ಯಾಹ್ನವೆಲ್ಲ ಆಲಿಕಲ್ಲಿನ ಮಳೆಯೆಂದು ಬೇರೆ ಊರಿನವರು ನಗಾಡಿದರಂತೆ.

ಎರಡೂವರೆಗೆ ಖ್ವಾರಾಯ್ ಗಡಿಯಾರ ನೋಡಿದ, ಆಮೇಲೆ ಆಕಾಶ ನೋಡಿದ. ಒಳಗೆ ಮಾತಾಡುತ್ತಿದ್ದವಳನ್ನು ಸ್ವಲ್ಪ ಸರಿಯಲು ಹೇಳಿ, ಜೇಬಿನಿಂದ ಎರಡು ತಿರುಪು ತೆಗೆದು ಮತ್ತೆ ಕೂರಿಸಿದ. ತುಕ್ಕು ಹಿಡಿದಿದ್ದನ್ನು ಒರೆಸಿ ಎಣ್ಣೆ ಮುಟ್ಟಿಸಿದ. ಹಾಳೆಯ ಮೇಲೆ ಬರೆದದ್ದನ್ನು ಮಾಸೆಲ್ಲೊಳಿಗೆ ಓದಿ ಹೇಳಿದ: ಮಾತು ನಡೆಯುತ್ತಿದ್ದುದರಿಂದ ಕೆಲಸ ಮಾಡಲಾಗಲಿಲ್ಲ. ಕಚೇರಿಯವರು ಇದಕ್ಕೆ ಒಪ್ಪುವುದಿಲ್ಲ, ಮುಂದಿನ ತಿಂಗಳು ತಾನೋ ಬೇರೆ ಯಾರೋ ಬರುವುದು ಖಂಡಿತ ಎಂದೂ ಸೇರಿಸಿದ.

"ಬನ್ನಿ," ಎಂದಳು ಅವಳು. "ಯಾವ ವಾರ ಬಂದ್ರೂ ಮಾತಾಡ್ತಾನೇ ಇರ್ತೀವಿ. ನಿಮ್ಮ ಹಾಳೇಲಿ ಖಾನೆ ಮಾಡ್ಕೊಂಡು ಬನ್ನಿ."

ಅವನು ತಲೆ ಕೆರೆದುಕೊಂಡು, ಕರಕಾಗದೆ ಉಳಿದ ಮಕ್ವೆನ್ಯಾ ಇದೆಯೇ ಎಂದು ಕೇಳಿದ. ಎರಡಿದ್ದವು. ಅವಳು ಕೊಟ್ಟಳು. ದುಡ್ಡು ಎಣಿಸಿ ತೆಗೆದುಕೊಂಡಳು, ಅವನಿಂದ ಅದುವರೆಗೆ ಎಂದೂ ತೆಗೆದುಕೊಂಡಿರಲಿಲ್ಲ.

ಗಂಡಸರು ದಿಣ್ಣೆ ಇಳಿದು ಬಂದಾಗ ಇನ್ನೂ ಬೆಳಕಿತ್ತು. ಸುದ್ದಿ ದಾರಿಯಲ್ಲೇ ಅವರಿಗೆ ಸಿಕ್ಕಿತ್ತು. ಮುಂದೆ ಬಂದವನು ಲೆಬೆಕೊ, ಸತ್ತ ಮುದುಕನ ಕೊನೆಯ ತಮ್ಮ, ಆ ಮನೆತನದಲ್ಲಿ ಉಳಿದಿದ್ದ ಒಬ್ಬನೇ ಹಿರಿಯ. ಉಣ್ಣೆಯ ಜಿಡ್ಡು ಅಂಟಿದ ಕೈಯನ್ನು ಕೋಲಿನ ಮೇಲೆ ಊರಿ ಅವನು ಗೂಡಿನ ಮುಂದೆ ನಿಂತ. ಕೂಗಾಡಲಿಲ್ಲ, ಅದು ಅವನ ರೀತಿಯಲ್ಲ. ನಡೆಯಬಾರದ್ದು ನಡೆದಿದೆ, ಅಣ್ಣನ ಗೋರಿಗೆ ತಿಳಿಸಬೇಕು, ಅದಕ್ಕೆ ಕ್ರಮವಿದೆ ಎಂದ. ಒಂದು ಕುರಿ ಕಡಿದು, ಒಂದು ಮಡಕೆ ಬೀರು ಸುರಿದು, ತಪ್ಪಾಯಿತೆಂದರೆ ಮುಗಿಯಿತು, ಸೆಲ್ಲೊನಿಗೂ ಒಳ್ಳೆಯದು ಎಂದ.

"ಕುರಿ ಕೊಡ್ತೀನಿ ಮಾವ," ಎಂದಳು ಮಾಸೆಲ್ಲೊ. "ಬೀರೂ ಮಾಡ್ತೀನಿ. ತಪ್ಪಾಯ್ತು ಅನ್ನಲ್ಲ."

ಲೆಬೆಕೊ ಅವಳನ್ನೇ ನೋಡಿದ.

"ನಿಮ್ಮಣ್ಣನ ಮಗ ಸತ್ತು ಇಪ್ಪತ್ತೆರಡು ದಿನ ನಾನು ನಗ್ತಾ ಇದ್ದೆ. ನೀವೂ ನಗ್ತಾ ಇದ್ರಿ, ಅದೇ ಮದುವೇಲಿ ನನ್ನ ಪಕ್ಕದಲ್ಲೇ ಕುಣಿದ್ರಿ. ಆಗ ಯಾರೂ ಗೋರಿ ಹತ್ರ ಹೋಗಿ ಕುರಿ ಕಡೀಲಿಲ್ಲ. ಆ ಹೆಸರು ಹೇಳಿದ್ದಕ್ಕೆ ಈ ಫೋನ್ ಇವತ್ತು ಇಲ್ಲಿದೆ. ಮುಂದಿನ ಸಲ ಅವರು ಬಂದ್ರೂ ಹೇಳ್ತೀನಿ. ಕುರಿ ಆರಿಸೋವಾಗ ಎರಡು ಆರಿಸ್ಬಿಡಿ."

ಮುದುಕ ಕೋಲಿನ ತುದಿಯಿಂದ ನೆಲದ ಮೇಲೆ ಗೀಟು ಎಳೆದ, ಅಳಿಸಿದ. ಆ ಮದುವೆ ಅವನಿಗೂ ನೆನಪಿತ್ತು. ಹಿಂದಿನಿಂದ ಮಾಪೊಲೊ ತನ್ನ ಹಿಂಡಿನಲ್ಲೂ ಒಂದನ್ನು ನೋಡಿಕೊಳ್ಳಲು ಕೂಗಿ ಹೇಳಿದಳು. ಮಾಟುಮೆಲೊಳ ಬಳಿ ಕುರಿಯಿರಲಿಲ್ಲ, ಒಂದು ಮೇಕೆಯಿತ್ತು, ಅದಾಗುತ್ತದೆಯೇ ಎಂದು ಕೇಳಿದಳು. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ತಮ್ಮದನ್ನು ಸೇರಿಸಿದರು. ಯಾರ ಮುಖದಲ್ಲೂ ತಮಾಷೆಯಿರಲಿಲ್ಲ.

"ಹದಿನಾಲ್ಕು ತಲೆ," ಎಂದ ಲೆಬೆಕೊ ಕೊನೆಗೆ. "ಅಷ್ಟು ಕಡಿದ್ರೆ ತಿನ್ನೋಕೆ ಗಂಡಸರೆಲ್ಲಿ ಇದಾರೆ ಈ ಊರಲ್ಲಿ?"

"ಗಣಿಯಲ್ಲಿ ಇದಾರೆ," ಎಂದಳು ಮಾಸೆಲ್ಲೊ. "ದಿನ ನೀವು ಗೊತ್ತುಮಾಡಿ. ಫೋನ್ ಮಾಡಿ ಕರೀತೀವಿ, ಒಬ್ಬೊಬ್ಬರನ್ನೂ ಹೆಸರು ಹಿಡಿದು."